ಶೇಕಡ ಮೂವತ್ತು

ಒಟ್ಟು ಏಳು ಜನ ನಾವು. ಒಂದು ತಗಡಿನ ಶೆಡ್ಡು.
ಕಿಟಕಿ ತೆರೆದರೆ ಕಡಲಿನಷ್ಟು ದೊಡ್ಡ ಕೆರೆ,
ಕಿಸುಮುವಿನಲ್ಲಿ ನಾವದನ್ನು ಲೋಲ್ವೆ ಅನ್ನುತ್ತೇವೆ.
ಮಾಡುವುದು ಮಂಜುಗಡ್ಡೆ, ಮೀನು ಮಾರುವ ಹೆಂಗಸರಿಗೆ.

"ಬಿಸಿಲಿನಿಂದ ಮಂಜುಗಡ್ಡೆ!"
ಹೂಡಿಕೆದಾರರ ಮುಂದೆ ಇದನ್ನು ಹೇಳಿ
ಒಗುತು ಒಂದು ಗಳಿಗೆ ಸುಮ್ಮನಾಗುತ್ತಾನೆ,
ಅವರ ಹುಬ್ಬು ಮೇಲೇರಲಿ ಅಂತ.
ನಾನು ಲೆಕ್ಕ ಬರೆಯುವವಳು.
ಹುಬ್ಬಿಗೆ ನನ್ನ ಪುಸ್ತಕದಲ್ಲಿ ಕಾಲಮ್ಮಿಲ್ಲ.

ಗೋಡೆಯ ಮೇಲೊಂದು ಬೋರ್ಡು: ನಾವೆಲ್ಲ ಒಂದೇ ಮನೆಯವರು.
ಇದೇ ಮನೆಯಾದ ಮೇಲೆ ಸಂಜೆ ಎದ್ದು ಹೋಗುವುದೆಲ್ಲಿಗೆ?
ಒವಿತಿಯ ಹೆಂಡತಿ ಹೆರುವ ದಿನ
ಅವನು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕೋಡ್ ಬರೆದ.
ಮಾರನೆಯ ದಿನ ನಾವೆಲ್ಲ ಚಪ್ಪಾಳೆ ತಟ್ಟಿದೆವು.
ನಾನೂ. ಈ ಅಂಗೈಗಳಿಂದಲೇ.

ಅವನು ಆ ಬೆಂಚಿನಲ್ಲಿ ಬರೆದದ್ದು ಬ್ಯಾಟರಿಯ ಕಟ್ಟಳೆ:
ಶೇಕಡ ಮೂವತ್ತಕ್ಕೆ ಇಳಿದೊಡನೆ
ಯಾರನ್ನೂ ಕೇಳದೆ ನಿಂತುಬಿಡಬೇಕು.
ತಳ ಕಂಡ ಬ್ಯಾಟರಿ ಮತ್ತೆ ತುಂಬುತ್ತದೆ, ನಿಜ,
ಮೊದಲಿನಷ್ಟು ಹಿಡಿಯುವುದಿಲ್ಲ.

ಏಪ್ರಿಲಿನ ಒಂದು ಸೋಮವಾರ ರಿಸ್ಪಾ ಬಂದಳು,
ಹಿಂದೆ ನಾಲ್ಕು ಹೆಂಗಸರು. ಯಾರೂ ಬೈಯಲಿಲ್ಲ.
ಒಂದು ಬೇಸಿನ್ನು ತಂದು ಒಗುತುವಿನ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟರು.
ಮೀನಿನ ಕಣ್ಣು ಸುಣ್ಣ.
ಮುನ್ನೂರ ನಲವತ್ತು ಕಿಲೋ, ಎಲ್ಲ ಹೀಗೇ.

"ಯಾರು?" ಅಂದ ಒಗುತು.
ನಮ್ಮ ಕಣ್ಣೆಲ್ಲ ಡ್ರೈವರ್ ವಾಂಜಾಲನ ಕಡೆ ಹರಿದವು.
ಅವನೇ ಯಾಕೆ? ಅವನ ಸಂಬಳ ಎಲ್ಲರಿಗಿಂತ ಕಮ್ಮಿ.
ಎತ್ತಿನ ಜ್ವರಕ್ಕೆ ಎಮ್ಮೆಗೆ ಬರೆ ಎಳೆಯಲು
ಎಲ್ಲ ಊರಲ್ಲೂ ಕಬ್ಬಿಣ ಕಾದೇ ಇರುತ್ತದೆ.

ಆಗ ಅಕೆಯೋ ಎದ್ದಳು.
"ನಾನು. ಸೆನ್ಸರಿನ ತಂತಿ ಅದಲುಬದಲು.
ಶುಕ್ರವಾರ ರಾತ್ರಿ ಎರಡು ಗಂಟೆ. ಕೆಂಪೂ ಕಪ್ಪೂ ಒಂದೇ ಕಂಡವು."
ಸ್ವಲ್ಪ ಹೊತ್ತು ಬಿಟ್ಟು:
"ಶನಿವಾರ ಮಧ್ಯಾಹ್ನವೇ ಗೊತ್ತಾಗಿತ್ತು. ಹೇಳಲಿಲ್ಲ."

ರಿಸ್ಪಾ ಅವಳನ್ನು ತುಂಬ ಹೊತ್ತು ನೋಡಿದಳು.
"ಹೇಳಿದ್ದರೆ ಉಪ್ಪು ಹಾಕಿಡುತ್ತಿದ್ದೆವಲ್ಲ, ಮಗಳೇ."

ಬರೆದುಕೊಂಡೆ. ಮೀನು, ಒಂದು ಲಕ್ಷ ಮೂವತ್ತಾರು ಸಾವಿರ ಶಿಲ್ಲಿಂಗು.
ಉಪ್ಪು, ಎರಡು ಮೂಟೆ, ಮೂರು ಸಾವಿರ.
ಕಳೆದೆ. ಉಳಿದದ್ದು ತಂತಿಯ ತಪ್ಪಿನ ಬೆಲೆಯಲ್ಲ.
ಅದಕ್ಕೆ ಏನು ಹೆಸರು ಕೊಡಲಿ ಎಂದು ಪೆನ್ನು ಹಿಡಿದು ಕೂತೆ.

ಒಗುತು ತನ್ನ ಫೋನು ತೆಗೆದು, ಯಾರೂ ಕೇಳದೆಯೇ, ಓದಿದ:
ಶುಕ್ರವಾರ, ಹನ್ನೊಂದು ನಲವತ್ತು: ಆಯಿತಾ?
ಹನ್ನೆರಡು ಐವತ್ತೈದು: ಆಯಿತಾ?
ಒಂದೂವರೆ: ಬೇರೆ ಯಾರೂ ಮಲಗಿಲ್ಲ, ಅಕೆಯೋ.
ಕೊನೆಯದನ್ನು ಓದುವಾಗ ಅವನ ದನಿ
ಅವನದೇ ಶರಟಿನೊಳಗೆ ಸಣ್ಣಗಾಯಿತು.

ಅಷ್ಟಕ್ಕೇ ಅವನು ಸಂತನಾದ ಅನ್ನಬೇಡಿ.
ಎರಡನೇ ವಾರವೇ ನಡುರಾತ್ರಿ ಮತ್ತೆ ಬಂತು: ಆಯಿತಾ?
ಒವಿತಿಯ ಮನೆಯಲ್ಲಿ ಮಗು ಎಚ್ಚರವಿತ್ತೇನೋ,
ಅವನು ಉತ್ತರಿಸಿದ: ೩೦.
ಬರೀ ಅಂಕಿ. ಮುಂದೆ ಏನೂ ಇಲ್ಲ.
ಬೆಳಿಗ್ಗೆವರೆಗೂ ಯಾರ ಫೋನೂ ಕಮಕ್ ಅನ್ನಲಿಲ್ಲ.

ಅಂದಿನಿಂದ ಅದೇ ರೂಢಿ. ಕಾರಣ ಬೇಕಿಲ್ಲ, ಕ್ಷಮೆ ಬೇಕಿಲ್ಲ,
ಅಂಕಿ ಬರೆದು ಎದ್ದು ಹೋಗಬಹುದು.
ಎರಡನೆಯವನು ವಾಂಜಾಲ. ಗುರುವಾರ ನಾಲ್ಕಕ್ಕೇ
ಬೀಗದಕೈ ಮೇಜಿನ ಮೇಲಿಟ್ಟು, ಆ ಬೋರ್ಡಿನ ಮೊಳೆಗೆ
ತನ್ನ ಒದ್ದೆ ಕೋಟು ನೇತುಹಾಕಿ ನಡೆದ.
ಕೋಟು ಇನ್ನೂ ಅಲ್ಲೇ ಇದೆ.
"ನಾವೆಲ್ಲ" ಅನ್ನುವುದಷ್ಟೇ ಕಾಣುತ್ತದೆ.

ರಿಸ್ಪಾಳ ಸಾಲ ಕಂತುಕಂತಾಗಿ ತೀರಿಸುತ್ತಿದ್ದೇವೆ.
ಅವಳು ನೋಟನ್ನು ಎರಡು ಸಲ ಎಣಿಸುತ್ತಾಳೆ.
ಎಣಿಸಲಿ.

ಮಂಜುಗಡ್ಡೆ ಮೊದಲಿಗಿಂತ ಹೆಚ್ಚಾಯಿತೋ ಎಂದು
ಹೂಡಿಕೆದಾರರು ಕೇಳಿದರು. ಇಲ್ಲ, ಅಷ್ಟೇ ಇದೆ.
ಅಕೆಯೋ ಮಾತ್ರ ಈಗ ದಿನಕ್ಕೊಂದು ತಪ್ಪು ಹೇಳುತ್ತಾಳೆ,
ಬೆಳಿಗ್ಗೆಯೇ, ಚಹಾದ ಜೊತೆ, ಜೋರಾಗಿ.

ನಾನು ಇನ್ನೂ ಒಂದು ಸಲವೂ ಬರೆದಿಲ್ಲ.
ರಾತ್ರಿ ಒಂಬತ್ತಾಗಿದೆ, ಲೋಲ್ವೆಯ ಮೇಲೆ ದೋಣಿಗಳ ಲಾಟೀನು.
ಬೆರಳು ಮೂರರ ತನಕ ಹೋಗಿ ನಿಲ್ಲುತ್ತದೆ,
ಅವತ್ತು ಚಪ್ಪಾಳೆ ತಟ್ಟಿದ ಕೈಯದು,
ಕಲಿಯಲು ಸ್ವಲ್ಪ ಹೊತ್ತು ಬೇಕು.